ಗೋಡೆಗೆ ಬಣ್ಣ ಬಳಿದವನ ಚಿತ್ರದ ಮೇಲೇ ಕಾಗದ ಅಂಟಿಸಿದರು!

ಸುಣ್ಣ-ಬಣ್ಣದವರು ನಮಗೆ ನೆನಪಾಗೋದು ಹಬ್ಬಕ್ಕೆ, ಮದುವೆಗೆ. ಅಮೆರಿಕದ ರಾಬರ್ಟ್ ಡಂಕನ್‌ಸನ್ನೂ ಅದೇ ಕಸುಬಿನವ. 1821ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ. ಕಪ್ಪು ಜನರ ಮನೆತನ, ಆದರೆ ಗುಲಾಮರಲ್ಲ. ಬಡಗಿ ಕೆಲಸ, ಮನೆಗೆ ಬಣ್ಣ ಬಳಿಯೋದು ಹೊಟ್ಟೆಪಾಡು. 1838ರಲ್ಲಿ, ಮೀಸೆ ಚಿಗುರುವ ವಯಸ್ಸಿಗೇ, ಮಿಷಿಗನ್‌ನ ಮನ್ರೋ ಊರಿನಲ್ಲಿ ಪಾಲುದಾರನೊಬ್ಬನ ಜತೆ ಬಣ್ಣದ ಧಂದೆ ಶುರು ಮಾಡಿ ಪೇಪರಿನಲ್ಲಿ ಜಾಹೀರಾತನ್ನೂ ಹಾಕಿಸಿದ.

ಗೋಡೆಗಳು ಸಾಕಾದವು. ಸಿನ್ಸಿನಾಟಿ ಪಟ್ಟಣ ಸೇರಿದ. ಓಹಿಯೋ ನದಿಯ ಆಚೆ ದಡದಲ್ಲಿ ಮನುಷ್ಯರನ್ನೇ ಮಾರುತ್ತಿದ್ದ ಕಾಲ. ಈಚೆ ದಡದಲ್ಲಿ ಗುಲಾಮಗಿರಿ ಇರಲಿಲ್ಲ, ಮರ್ಯಾದೆಯೂ ಅಷ್ಟಕ್ಕಷ್ಟೇ. ಚಿತ್ರಶಾಲೆಯ ಮೆಟ್ಟಿಲು ಹತ್ತದ ಹುಡುಗ ಅಚ್ಚಿನ ಚಿತ್ರಗಳನ್ನು ನಕಲು ಮಾಡಿ, ಉಳ್ಳವರ ಮುಖ ಬರೆದು ಕೈ ಪಳಗಿಸಿಕೊಂಡ. ಆಮೇಲೆ ಹಿಡಿದದ್ದು ಹೊಳೆ, ಬೆಟ್ಟ, ಕಾಡು. 1851ರಲ್ಲಿ ಬರೆದ ಲಿಟಲ್ ಮಯಾಮಿ ಹೊಳೆಯ ಮಡುವಿನ ಚಿತ್ರ ನೋಡಬೇಕು. ನೀರು ಅಲುಗೋದಿಲ್ಲ, ದಡದಲ್ಲಿ ಗಾಳ ಹಾಕಿದವರಿಗೂ ಅವಸರವಿಲ್ಲ.

ಆ ಹೊತ್ತಿಗೇ ದ್ರಾಕ್ಷಾರಸದ ಕುಳ ನಿಕೋಲಸ್ ಲಾಂಗ್‌ವರ್ತ್ ಕರೆಸಿ, ತನ್ನ ಬಂಗಲೆಯ ಗೋಡೆ ತೋರಿಸಿದ. ಅಲ್ಲಿ ಎಂಟು ಭಾರೀ ನಿಸರ್ಗ ಚಿತ್ರಗಳೆದ್ದವು. ಗೋಡೆಯ ಕೂಲಿಯವ ಗೋಡೆಗೇ ಒಡೆಯನಾದ ಅನ್ನಿ! 1853ರಲ್ಲಿ ಯುರೋಪ್ ಪ್ರವಾಸವೂ ಆಯ್ತು. 1861ರಲ್ಲಿ ದೇಶದೊಳಗೇ ಯುದ್ಧ ಹತ್ತಿಕೊಂಡಿತು. 1863ರ ಹೊತ್ತಿಗೆ ಈತ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ, ಅಲ್ಲಿಂದ ಬ್ರಿಟನ್ನಿಗೆ ನಡೆದ. ಸ್ವಂತ ದೇಶ ಹಿಂದೆಮುಂದೆ ನೋಡುತ್ತಿದ್ದಾಗ ಆತನ ಒಂದು ಚಿತ್ರ ಸ್ವೀಡನ್ನಿನ ಅರಮನೆ ಸೇರಿತು.

ಕಡೆಗಾಲ ಕೆಟ್ಟದಾಯ್ತು. ಸತ್ತ ಚಿತ್ರಗಾರ್ತಿಯೊಬ್ಬಳ ಆತ್ಮ ಮೈಮೇಲೆ ಬಂದಿದೆ ಅನ್ನತೊಡಗಿದ. ಚಿಕ್ಕಂದಿನಿಂದ ಕಲಸಿದ ಬಣ್ಣದ ಸೀಸವೇ ತಲೆಗೇರಿರಬೇಕು ಅಂತ ಈಚಿನ ಪಂಡಿತರ ಊಹೆ. 1872ರ ಡಿಸೆಂಬರ್ 21ರಂದು ಡೆಟ್ರಾಯಿಟ್‌ನಲ್ಲಿ ತೀರಿಕೊಂಡಾಗ ವಯಸ್ಸು ಐವತ್ತೊಂದು. ಮನ್ರೋದಲ್ಲಿ ಮಣ್ಣು ಮಾಡಿದರು. ಗೋರಿಗೆ ಬಹಳ ಕಾಲ ಹೆಸರಿನ ಕಲ್ಲೂ ಇರಲಿಲ್ಲ.

ಇತ್ತ ಬಂಗಲೆ ಕೈ ಬದಲಾಯಿತು. ಗೋಡೆಯ ಚಿತ್ರಗಳ ಮೇಲೆ ಕಾಗದ ಬಿತ್ತು. 1930ರ ದಶಕದಲ್ಲಿ, ಮನೆ ಟಾಫ್ಟ್ ಮ್ಯೂಸಿಯಂ ಆದಮೇಲೆ, ಕಾಗದ ಸುಲಿದರೆ ಎಂಟೂ ಅಲ್ಲೇ ಇದ್ದವು. ಆತನ ಇನ್ನೊಂದು ಚಿತ್ರ, 1859ರ ಕಾಮನಬಿಲ್ಲು, 2021ರ ಜನವರಿ 20ರಂದು ಅಧ್ಯಕ್ಷ ಬೈಡನ್ ಪ್ರಮಾಣ ವಚನದ ದಿನ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಎಲ್ಲರೆದುರು ನಿಂತಿತ್ತು.