ಸೈನಸ್ ಶಸ್ತ್ರಚಿಕಿತ್ಸೆ: ಅರ್ಧ ಕೆಲಸ ವೈದ್ಯರದ್ದು, ಅರ್ಧ ನಿಮ್ಮದು

“ನನಗೆ ಸೈನಸ್ ಇದೆ” ಎನ್ನುವವರು ಪ್ರತಿ ಕುಟುಂಬದಲ್ಲೂ ಒಬ್ಬರಾದರೂ ಸಿಗುತ್ತಾರೆ. ನಿಜ ಹೇಳಬೇಕೆಂದರೆ ಸೈನಸ್ ಎಲ್ಲರಿಗೂ ಇದೆ. ಅದು ರೋಗದ ಹೆಸರಲ್ಲ, ಮುಖದ ಎಲುಬುಗಳ ಒಳಗಿರುವ ಗಾಳಿ ತುಂಬಿದ ಗೂಡುಗಳ ಹೆಸರು. ಈ ಗೂಡುಗಳು ಊದಿಕೊಂಡು, ಕಫ ಕಟ್ಟಿ ನಿಂತಾಗ ಬರುವ ಕಾಯಿಲೆಯೇ ಸೈನುಸೈಟಿಸ್.

ಮೂಗು ಕಟ್ಟುವುದು, ಗಂಟಲಿಗೆ ಕಫ ಇಳಿಯುವುದು, ಮುಖ ಭಾರವಾಗುವುದು, ಮಾಡಿದ ಅಡುಗೆಯ ಪರಿಮಳವೇ ತಿಳಿಯದಿರುವುದು. ಇಂತಹ ತೊಂದರೆಗಳನ್ನು ಹಲವರು ವರ್ಷಗಟ್ಟಲೆ ಸಹಿಸಿಕೊಂಡಿರುತ್ತಾರೆ. ಕೊನೆಗೊಂದು ದಿನ ವೈದ್ಯರು “ಆಪರೇಷನ್ ಮಾಡಿಸಿ” ಎಂದಾಗ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಮೂಗು, ಕಣ್ಣು, ಮೆದುಳು ಎಲ್ಲವೂ ಹತ್ತಿರ ಹತ್ತಿರ ಇರುವ ಜಾಗವಲ್ಲವೇ? “ಮಾಡಿಸಿದರೂ ಮತ್ತೆ ಬರುತ್ತದಂತೆ” ಎಂದು ನೆರೆಮನೆಯವರು ಬೇರೆ ಹೆದರಿಸುತ್ತಾರೆ. ಈ ಹೆದರಿಕೆಯಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಬನ್ನಿ, ತಿಳಿದುಕೊಳ್ಳೋಣ.

ಕಫ ಕಟ್ಟುವುದೇಕೆ?

ನಮ್ಮಲ್ಲಿ ನಾಲ್ಕು ಜೊತೆ ಸೈನಸ್‌ಗಳಿವೆ. ಕೆನ್ನೆಯೊಳಗೆ ಒಂದು ಜೊತೆ, ಹುಬ್ಬಿನ ಮೇಲೆ ಒಂದು ಜೊತೆ, ಎರಡು ಕಣ್ಣುಗಳ ನಡುವೆ ಜೇನುಗೂಡಿನಂತಹ ಸಣ್ಣ ಸಣ್ಣ ಕೋಣೆಗಳು, ಮೂಗಿನ ಹಿಂದೆ ತಲೆಬುರುಡೆಯ ತಳದಲ್ಲಿ ಇನ್ನೊಂದು ಜೊತೆ. ಇವುಗಳ ಒಳಪೊರೆ ಸದಾ ತೆಳುವಾದ ಲೋಳೆಯನ್ನು ಸ್ರವಿಸುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳು ಆ ಲೋಳೆಯನ್ನು ಮೆಲ್ಲಮೆಲ್ಲನೆ ಮೂಗಿನತ್ತ ತಳ್ಳುತ್ತವೆ. ವಿಚಿತ್ರವೆಂದರೆ ಕೆನ್ನೆಯ ಸೈನಸ್‌ನ ಬಾಗಿಲು ಅದರ ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ಅಂದರೆ ಕಫ ತಾನಾಗಿ ಹರಿದು ಹೋಗುವುದಿಲ್ಲ. ರೋಮಗಳು ಅದನ್ನು ಮೇಲಕ್ಕೆ ಹೊತ್ತು ಸಾಗಿಸಬೇಕು. ಅಲರ್ಜಿಯಿಂದಲೋ, ಸೋಂಕಿನಿಂದಲೋ, ಪಾಲಿಪ್ ಎಂಬ ದ್ರಾಕ್ಷಿಯಂತಹ ಊತದಿಂದಲೋ ಆ ಪುಟ್ಟ ಬಾಗಿಲು ಮುಚ್ಚಿತೆಂದರೆ ಒಳಗೆ ಕಫ ನಿಂತು ಕೊಳೆಯುತ್ತದೆ.

ಹಿಂದಿನ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಮೇಲ್ದುಟಿಯನ್ನು ಎತ್ತಿ, ಒಸಡಿನ ಮೇಲೆ ಕೊಯ್ದು, ಕೆನ್ನೆಯ ಎಲುಬು ಕೊರೆದು ಸೈನಸ್‌ನ ಒಳಪೊರೆಯನ್ನೇ ಕೆರೆದು ತೆಗೆಯುತ್ತಿದ್ದರು. 1890ರ ದಶಕದಲ್ಲಿ ಅಮೆರಿಕದ ಕಾಲ್ಡ್‌ವೆಲ್ ಮತ್ತು ಫ್ರಾನ್ಸಿನ ಲೂಕ್ ಎಂಬ ವೈದ್ಯರು ಪ್ರತ್ಯೇಕವಾಗಿ ರೂಪಿಸಿದ ವಿಧಾನವಿದು. ಮುಂದೆ ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ಮೆಸ್ಸರ್‌ಕ್ಲಿಂಗರ್ ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟರು. ನಾವು ಬೇರೆಡೆ ಎಷ್ಟೇ ದೊಡ್ಡ ತೂತು ಕೊರೆದರೂ ರೋಮಗಳು ಕಫವನ್ನು ಹುಟ್ಟಿನಿಂದ ಬಂದ ಬಾಗಿಲ ಕಡೆಗೇ ಒಯ್ಯುತ್ತವೆ! ಹಾಗಾದರೆ ಆ ಬಾಗಿಲನ್ನೇ ತೆರೆದುಕೊಟ್ಟರೆ ಸಾಕಲ್ಲವೇ? ಇಂದಿನ ಎಂಡೋಸ್ಕೋಪಿಕ್ ಸೈನಸ್ ಶಸ್ತ್ರಚಿಕಿತ್ಸೆಯ ತಳಹದಿ ಇದೇ. 1980ರ ದಶಕದಲ್ಲಿ ಇದು ಜಗತ್ತಿನಾದ್ಯಂತ ಹರಡಿತು.

ಎಲ್ಲರಿಗೂ ಬೇಕೇ?

ಖಂಡಿತ ಬೇಡ. ಸಾಮಾನ್ಯ ಶೀತದ ಬೆನ್ನಿಗೆ ಬರುವ ಸೈನಸ್ ತೊಂದರೆ ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುತ್ತದೆ. 12 ವಾರಗಳಿಗಿಂತ ಹೆಚ್ಚು ಕಾಲ ಮುಂದುವರಿದರೆ ಮಾತ್ರ ಅದನ್ನು ದೀರ್ಘಕಾಲದ ಸೈನುಸೈಟಿಸ್ ಎನ್ನುತ್ತಾರೆ. ಆಗಲೂ ಮೊದಲ ಮದ್ದು ಉಪ್ಪುನೀರಿನಿಂದ ಮೂಗು ತೊಳೆಯುವುದು ಮತ್ತು ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್ ಸ್ಪ್ರೇ. ಇವನ್ನು ಕೆಲವು ವಾರ ಕ್ರಮ ತಪ್ಪದೆ ಬಳಸಿದ ಮೇಲೂ ಗುಣ ಕಾಣದಿದ್ದರೆ, ಸಿ.ಟಿ. ಸ್ಕ್ಯಾನ್‌ನಲ್ಲಿ ರೋಗ ಸ್ಪಷ್ಟವಾಗಿ ಕಂಡರೆ, ಆಗ ಶಸ್ತ್ರಚಿಕಿತ್ಸೆಯ ಮಾತು.

ತಲೆನೋವು ಮಾತ್ರ ಇರುವವರು ಇನ್ನಷ್ಟು ಯೋಚಿಸಬೇಕು. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮಗಿರುವುದು ಸೈನಸ್ ತಲೆನೋವೆಂದು ನಂಬಿದ್ದ ಅಥವಾ ಹಾಗೆಂದು ವೈದ್ಯರಿಂದ ಹೇಳಿಸಿಕೊಂಡಿದ್ದ 2,991 ಮಂದಿಯನ್ನು ಪರೀಕ್ಷಿಸಲಾಯಿತು. ಅವರಲ್ಲಿ ಶೇ. 88 ಮಂದಿಗೆ ಇದ್ದದ್ದು ಮೈಗ್ರೇನ್ ಮಾದರಿಯ ತಲೆನೋವು! ಮೈಗ್ರೇನ್‌ಗೆ ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿದರೆ ಏನು ಪ್ರಯೋಜನ? ಆದ್ದರಿಂದ “ನನ್ನ ಸ್ಕ್ಯಾನ್‌ನಲ್ಲಿ ಏನು ಕಾಣುತ್ತಿದೆ? ಮಾಡಿಸದಿದ್ದರೆ ಏನಾಗುತ್ತದೆ?” ಎಂದು ವೈದ್ಯರನ್ನು ಧೈರ್ಯವಾಗಿ ಕೇಳಿ. ಸಂದೇಹವಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.

ಆದರೆ ಕೆಲವು ಸಂದರ್ಭಗಳಲ್ಲಿ ಒಂದು ದಿನವೂ ಕಾಯುವಂತಿಲ್ಲ. ಕಣ್ಣಿನ ಸುತ್ತ ಬಾವು, ವಸ್ತುಗಳು ಎರಡೆರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು ಅಪಾಯದ ಸೂಚನೆಗಳು. ಸಕ್ಕರೆ ಕಾಯಿಲೆಯವರಲ್ಲಿ ಮುಖ ಊದಿ, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. 2021ರ ಕೋವಿಡ್ ಎರಡನೇ ಅಲೆಯ ನಂತರ ಕರ್ನಾಟಕವೂ ಸೇರಿ ದೇಶವನ್ನೇ ಕಾಡಿದ ‘ಕಪ್ಪು ಶಿಲೀಂಧ್ರ’ ಸಾಮಾನ್ಯವಾಗಿ ಹೀಗೆಯೇ ಮೂಗು, ಸೈನಸ್‌ಗಳಿಂದ ಶುರುವಾಗಿ ಕಣ್ಣಿಗೂ ಮೆದುಳಿಗೂ ಏರುತ್ತಿತ್ತು.

ಸಿದ್ಧತೆ ಹೀಗಿರಲಿ

ನೀವು ಸೇವಿಸುವ ಪ್ರತಿಯೊಂದು ಔಷಧಿಯನ್ನೂ ವೈದ್ಯರಿಗೆ ತಿಳಿಸಿ. ಆಸ್ಪಿರಿನ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಮೀನೆಣ್ಣೆ, ಬೆಳ್ಳುಳ್ಳಿ, ವಿಟಮಿನ್ ಇ ಮಾತ್ರೆಗಳು ನಿರುಪದ್ರವಿಗಳೆಂದು ಭಾವಿಸಿ ಮುಚ್ಚಿಡಬೇಡಿ. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರೇ ಹೇಳುತ್ತಾರೆ. ಹೃದಯರೋಗಿಗಳಂತೂ ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ಎಂದೂ ನಿಲ್ಲಿಸಬಾರದು.

ಆಸ್ತಮಾ ಇದ್ದರೆ, ನೋವಿನ ಮಾತ್ರೆ ನುಂಗಿದಾಗ ಉಬ್ಬಸ ಬರುವುದಿದ್ದರೆ ಅದನ್ನೂ ಹೇಳಿ. ಪಾಲಿಪ್, ಆಸ್ತಮಾ, ಆಸ್ಪಿರಿನ್ ಅಲರ್ಜಿ ಈ ಮೂರೂ ಒಟ್ಟಿಗೆ ಇರುವವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚು. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಲಿ. ಧೂಮಪಾನ ಬಿಟ್ಟೇ ಬಿಡಿ. ಸಿಗರೇಟಿನ ಹೊಗೆ ಆ ಸೂಕ್ಷ್ಮ ರೋಮಗಳ ಶತ್ರು.

ಹಿಂದಿನ ರಾತ್ರಿಯಿಂದ ಆಹಾರ ಸೇವಿಸಬೇಡಿ ಎನ್ನುತ್ತಾರೆ. ಸಾಮಾನ್ಯವಾಗಿ ಅರಿವಳಿಕೆಗೆ 6 ಗಂಟೆ ಮೊದಲು ಆಹಾರ, 2 ಗಂಟೆ ಮೊದಲು ನೀರು ನಿಲ್ಲಿಸಬೇಕು. “ಒಂದು ಲೋಟ ಚಹಾ ತಾನೇ” ಎಂದು ಕುಡಿಸುವ ಪ್ರೀತಿ ಅಪಾಯಕಾರಿ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಬಹುದು.

ಆಪರೇಷನ್ ಕೋಣೆಯಲ್ಲಿ

ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ. ಸುಮಾರು 4 ಮಿ.ಮೀ. ದಪ್ಪದ ದೂರದರ್ಶಕದ ಕೊಳವೆಯನ್ನು ಮೂಗಿನ ಹೊಳ್ಳೆಯಲ್ಲಿ ತೂರಿಸಿ, ಪರದೆಯ ಮೇಲೆ ನೋಡುತ್ತಾ ಮುಚ್ಚಿದ ಬಾಗಿಲುಗಳನ್ನು ತೆರೆಯುತ್ತಾರೆ. ಪಾಲಿಪ್ ಇದ್ದರೆ ತೆಗೆಯುತ್ತಾರೆ. ಮೂಗಿನ ನಡುಗೋಡೆ ಸೊಟ್ಟಗಿದ್ದು ಅಡ್ಡಿಯಾಗುತ್ತಿದ್ದರೆ ಅದನ್ನೂ ಸರಿಪಡಿಸುತ್ತಾರೆ. ಮುಖದ ಮೇಲೆ ಗಾಯವಿಲ್ಲ, ಹೊಲಿಗೆಯ ಕಲೆಯಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆಯ ಕೆಲಸ. ಅನೇಕರು ಅಂದೇ ಅಥವಾ ಮರುದಿನ ಮನೆಗೆ ಮರಳುತ್ತಾರೆ.

ಅಪಾಯವೇ ಇಲ್ಲವೆಂದಲ್ಲ. ಹೆಚ್ಚು ರಕ್ತಸ್ರಾವ, ಕಣ್ಣಿಗೆ ಪೆಟ್ಟು, ಮೆದುಳಿನ ಸುತ್ತಲಿನ ದ್ರವ ಸೋರುವುದು ಇವು ಗಂಭೀರ ತೊಡಕುಗಳು. ಆದರೆ ಅನುಭವಿ ಕೈಗಳಲ್ಲಿ ಇಂತಹವು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಸಿ.ಟಿ. ಸ್ಕ್ಯಾನ್ ಮಾಡಿಸುವ ಇನ್ನೊಂದು ಉದ್ದೇಶವೂ ಇದೇ. ಕಣ್ಣು, ಮೆದುಳುಗಳ ಗೋಡೆ ಎಲ್ಲಿದೆಯೆಂದು ತೋರಿಸುವ ನಕ್ಷೆ ಅದು.

ಮನೆಗೆ ಬಂದ ಮೇಲೆ

ಇಲ್ಲಿಂದ ನಿಮ್ಮ ಅರ್ಧ ಕೆಲಸ ಆರಂಭ. ಮೊದಲ ಕೆಲವು ದಿನ ಮೂಗಿನಿಂದ ರಕ್ತಮಿಶ್ರಿತ ಸ್ರಾವ, ಮುಖದಲ್ಲಿ ಭಾರ, ಆಯಾಸ ಸಹಜ. ಒಳಗೆ ಊತವಿರುವುದರಿಂದ ಮೂಗು ಮೊದಲಿಗಿಂತ ಹೆಚ್ಚು ಕಟ್ಟಿದಂತೆಯೂ ಅನಿಸಬಹುದು. “ದುಡ್ಡು ದಂಡವಾಯಿತು” ಎಂದು ಕಂಗಾಲಾಗಬೇಡಿ.

• ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ.
• ವೈದ್ಯರು ಅನುಮತಿಸುವ ತನಕ, ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಮೂಗು ಸೀಟಬೇಡಿ. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಿ.
• ಬಗ್ಗಿ ಗುಡಿಸುವುದು, ತುಂಬಿದ ಕೊಡ ಎತ್ತುವುದು, ಮಗುವನ್ನು ಎತ್ತಿಕೊಳ್ಳುವುದು ಒಂದೆರಡು ವಾರ ಬೇಡ. ಮಲಬದ್ಧತೆಯಾಗದಂತೆ ನೋಡಿಕೊಳ್ಳಿ.
• ನೋವಿಗೆ ಅಂಗಡಿಯ ಮಾತ್ರೆ ಬೇಡ, ವೈದ್ಯರು ಬರೆದದ್ದು ಮಾತ್ರ.

ಇಲ್ಲಿ ಮನೆಯವರಿಗೊಂದು ಮಾತು. ಗೃಹಿಣಿಗೆ ಶಸ್ತ್ರಚಿಕಿತ್ಸೆಯಾದರೆ ಮೂರನೇ ದಿನವೇ ಆಕೆ ಒಲೆಯ ಮುಂದೆ ನಿಂತಿರುತ್ತಾಳೆ. ಹೊರಗೆ ಗಾಯ ಕಾಣದ ಕಾರಣ ಆಕೆ ಗುಣವಾಗಿದ್ದಾಳೆಂದೇ ಎಲ್ಲರೂ ತಿಳಿಯುತ್ತಾರೆ. ಗಾಯ ಒಳಗಿದೆ, ಒಲೆಯ ಹೊಗೆ ಮತ್ತು ಒಗ್ಗರಣೆಯ ಘಾಟು ಅದಕ್ಕೆ ಆಗದು. ಎರಡು ವಾರ ಆಕೆಯ ಕೆಲಸವನ್ನು ಹಂಚಿಕೊಳ್ಳುವುದೂ ಚಿಕಿತ್ಸೆಯ ಭಾಗವೇ.

ನಮಾಝಿನ ವಿಷಯದಲ್ಲೂ ಸಂದೇಹ ಸಹಜ. ಸುಜೂದ್‌ಗೆ ತಲೆ ಬಾಗಿಸಿದಾಗ ರಕ್ತದ ಒತ್ತಡ ಮೂಗಿನತ್ತ ನುಗ್ಗುತ್ತದೆ. ರೋಗಿಯು ಕುಳಿತು, ಸನ್ನೆಯಿಂದ ನಮಾಝ್ ನಿರ್ವಹಿಸುವ ರಿಯಾಯಿತಿ ಇದ್ದೇ ಇದೆ. ಅದನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಿ. ವುಝೂ ಮಾಡುವಾಗ ಮೂಗಿಗೆ ನೀರೆಳೆದು ಸೀಟುವುದನ್ನು ಎಷ್ಟು ದಿನ ಬಿಡಬೇಕೆಂದು ವೈದ್ಯರಲ್ಲಿ ಕೇಳಿ, ಉಳಿದ ಸಂದೇಹಕ್ಕೆ ಬಲ್ಲ ಆಲಿಮರಿದ್ದಾರೆ. ತುರ್ತಲ್ಲದಿದ್ದರೆ ರಮಝಾನ್ ಬಿಟ್ಟು ಬೇರೆ ದಿನ ಗೊತ್ತುಮಾಡಿಕೊಳ್ಳುವುದು ಅನುಕೂಲ.

ರಜೆಯಲ್ಲಿ ಊರಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಗಲ್ಫ್ ಉದ್ಯೋಗಿಗಳೂ ಇದ್ದಾರೆ. ರಜೆಯ ಕೊನೆಯ ವಾರಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಒಂದೆರಡು ವಾರ ವಿಮಾನ ಪ್ರಯಾಣ ಬೇಡವೆನ್ನುತ್ತಾರೆ. ಅಲ್ಲದೆ ಮೊದಲ ವಾರಗಳಲ್ಲಿ ವೈದ್ಯರು ಎಂಡೋಸ್ಕೋಪ್ ಹಾಕಿ ನೋಡಿ, ಒಳಗೆ ಕಟ್ಟಿದ ಹಕ್ಕಳೆ ತೆಗೆಯಬೇಕಾಗುತ್ತದೆ. ಇದನ್ನು ತಪ್ಪಿಸಿದರೆ ತೆರೆದ ಬಾಗಿಲು ಅಂಟಿಕೊಂಡು ಮತ್ತೆ ಮುಚ್ಚಬಹುದು.

ಉಪ್ಪುನೀರೆಂಬ ಅಗ್ಗದ ಮದ್ದು

ಚೇತರಿಕೆಯ ಜೀವಾಳ ಮೂಗು ತೊಳೆಯುವುದು. ವೈದ್ಯರು ಹೇಳಿದ ದಿನದಿಂದ ಆರಂಭಿಸಿ. ಔಷಧಿ ಅಂಗಡಿಯಲ್ಲಿ ಇದರ ಬಾಟಲಿ ಮತ್ತು ಪುಡಿ ದೊರೆಯುತ್ತವೆ. ಮನೆಯಲ್ಲೇ ಮಾಡುವುದಾದರೆ ಸುಮಾರು 250 ಮಿ.ಲೀ. ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಅಡುಗೆ ಸೋಡ ಸಾಕು.

ಆದರೆ ನೀರು ಚೆನ್ನಾಗಿ ಕುದಿಸಿ ಆರಿಸಿದ್ದೇ ಆಗಿರಬೇಕು. ಬಾವಿಯ ನೀರಾಗಲಿ ನಲ್ಲಿಯ ನೀರಾಗಲಿ ನೇರವಾಗಿ ಬೇಡ. ನೀರಿನಲ್ಲಿರುವ ನೇಗ್ಲೇರಿಯ ಎಂಬ ಅಮೀಬಾ ಕುಡಿದರೆ ಏನೂ ಮಾಡದು, ಮೂಗಿನ ಮೂಲಕ ಹೋದರೆ ಮೆದುಳನ್ನು ಸೇರಿ ಪ್ರಾಣ ತೆಗೆಯಬಲ್ಲದು. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ಹೀಗೆ ಸಾವಿಗೀಡಾದರು. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಬರುವ ಮೆದುಳು ಜ್ವರ ಜೀವಗಳನ್ನು ಬಲಿ ಪಡೆದದ್ದನ್ನು ಓದಿದ್ದೀರಿ. ಇದು ಬಲು ಅಪರೂಪ, ಆದರೆ ನೀರು ಕುದಿಸುವ ಸುಲಭ ಉಪಾಯವಿರುವಾಗ ಅಸಡ್ಡೆಯೇಕೆ? ಬಾಟಲಿಯನ್ನೂ ತೊಳೆದು ಒಣಗಿಸಿಡಿ.

ಯಾವಾಗ ಧಾವಿಸಬೇಕು?

ನಿಲ್ಲದೆ ಹರಿಯುವ ಕೆಂಪು ರಕ್ತ, ಕಣ್ಣು ಊದುವುದು ಅಥವಾ ದೃಷ್ಟಿ ಬದಲಾಗುವುದು, ತೀವ್ರ ತಲೆನೋವು, ಜ್ವರದೊಂದಿಗೆ ಕತ್ತು ಬಿಗಿಯುವುದು, ತಲೆ ಬಾಗಿಸಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವ ತನಕ ಕಾಯಬೇಡಿ.

ಮತ್ತೆ ಬರುತ್ತದೆಯೇ?

ನೆರೆಮನೆಯವರ ಮಾತಿನಲ್ಲಿ ನಿಜದ ಅಂಶವಿದೆ. ಶಸ್ತ್ರಚಿಕಿತ್ಸೆ ಮುಚ್ಚಿದ ಬಾಗಿಲು ತೆರೆಯುತ್ತದೆ, ಅಲರ್ಜಿಯ ಗುಣವನ್ನು ದೇಹದಿಂದ ಕಿತ್ತೆಸೆಯುವುದಿಲ್ಲ. ವಿಶೇಷವಾಗಿ ಪಾಲಿಪ್ ಮರಳಿ ಬೆಳೆಯುವುದು ಅಪರೂಪವಲ್ಲ. ಆದರೆ ಬಾಗಿಲು ತೆರೆದ ಮೇಲೆ ಉಪ್ಪುನೀರು, ಸ್ಪ್ರೇ ಹಿಂದೆ ತಲುಪದಿದ್ದ ಮೂಲೆಗಳನ್ನೂ ತಲುಪುತ್ತವೆ. ಮೂಗು ಹಗುರಾಯಿತೆಂದು ಎರಡು ತಿಂಗಳಲ್ಲೇ ಸ್ಪ್ರೇ ಬಿಟ್ಟು, ಮರುವರ್ಷ ಪುನಃ ಕಟ್ಟಿದಾಗ “ಆಪರೇಷನ್ ಫೇಲ್” ಎಂದರೆ ತಪ್ಪು ಯಾರದ್ದು?

ಪೂರ್ತಿ ಮಾಯಲು ಎರಡು ಮೂರು ತಿಂಗಳು ಬೇಕು. ವಾಸನೆ ತಿಳಿಯುವ ಶಕ್ತಿಯೂ ನಿಧಾನವಾಗಿಯೇ ಮರಳುತ್ತದೆ, ಎಲ್ಲರಿಗೂ ಪೂರ್ತಿ ಮರಳುತ್ತದೆಂದು ಹೇಳಲಾಗದು. ವೆಚ್ಚದ ಚಿಂತೆಯಿದ್ದರೆ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಿ. ‘ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆ ಸೇರುತ್ತದೆಯೇ ಎಂದು ಮೊದಲೇ ಕೇಳಿ.

ಹೆದರಿ ವರ್ಷಗಟ್ಟಲೆ ನರಳುವುದೂ ಬೇಡ, ಒಂದು ಶಸ್ತ್ರಚಿಕಿತ್ಸೆಯಿಂದ ಎಲ್ಲ ಮುಗಿಯಿತೆಂಬ ಭ್ರಮೆಯೂ ಬೇಡ. ಆಸ್ಪತ್ರೆಯಿಂದ ಹೊರಡುವಾಗ ಮುಂದಿನ ಭೇಟಿಯ ದಿನಾಂಕವನ್ನು ಬರೆಸಿಕೊಂಡೇ ಹೊರಡಿ.