ಬೇಟೆಯ ನೆಲದಲ್ಲಿ ಕಯೋಟಿ ಮತ್ತು ನರಿ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಗ್ರಾಮಾಂತರ ಪ್ರದೇಶಗಳಲ್ಲಿ ವಿಸ್ತಾರವಾದ ಕಾಡು ಹೊಲಗಳನ್ನು ಸ್ವಂತಕ್ಕೋ ಗೇಣಿಗೋ ಪಡೆದು, ಜಿಂಕೆ, ಟರ್ಕಿಕೋಳಿ, ಬಾತುಗಳ ಬೇಟೆಗಾಗಿಯೇ ಅವನ್ನು ಕಾಪಾಡಿಕೊಂಡು ಬರುವ ಪದ್ಧತಿಯುಂಟು. ಇಂತಹ ನೆಲದ ಒಡೆಯನಿಗೆ, ತೋಳಕ್ಕಿಂತ ಕಿರಿದೂ ನರಿಗಿಂತ ಹಿರಿದೂ ಆದ ಕಯೋಟಿಯೂ ಅದರ ದಾಯಾದಿಯಾದ ಕೆಂಪುನರಿಯೂ ಚಿರಕಾಲದ ವೈರಿಗಳು. ಮರಿಯೊಂದು ಕಾಣೆಯಾದರೆ, ಗೂಡೊಂದು ಬರಿದಾದರೆ, ಅವನ ಕೈ ಮೊದಲು ಬಂದೂಕಿನ ಕಡೆಗೇ ಹೋಗುತ್ತದೆ.

ಬಂದೂಕಿನ ಪ್ರಯೋಗವೇನೂ ಹೊಸದಲ್ಲ. 1931ರಲ್ಲಿ ಅಲ್ಲಿನ ಕಾಂಗ್ರೆಸ್ಸು ಉಪದ್ರವಕಾರಿ ಪ್ರಾಣಿಗಳ ನಿಗ್ರಹಕ್ಕೆಂದು ಶಾಸನವನ್ನೇ ರಚಿಸಿತು. ಸರ್ಕಾರಿ ಬೇಟೆಗಾರರು ಗುಂಡು, ಬೋನು, ವಿಷಗಳಿಂದ ಲಕ್ಷಾಂತರ ಕಯೋಟಿಗಳನ್ನು ಸಂಹರಿಸಿದರು. ವಿಷವು ಹದ್ದುಗಳೇ ಮೊದಲಾದ ನಿರಪರಾಧಿ ಜೀವಿಗಳನ್ನೂ ಬಲಿ ತೆಗೆದುಕೊಂಡುದರಿಂದ 1972ರಲ್ಲಿ ಅಧ್ಯಕ್ಷ ನಿಕ್ಸನ್ ಕೇಂದ್ರ ಸರ್ಕಾರದ ಭೂಮಿಯಲ್ಲಿ ಅದನ್ನು ನಿಷೇಧಿಸಬೇಕಾಯಿತು. ಇಷ್ಟಾದರೂ, ಒಮ್ಮೆ ಮುಖ್ಯವಾಗಿ ಪಶ್ಚಿಮದ ಬಯಲುಗಳಲ್ಲಿದ್ದ ಕಯೋಟಿಯು, ತೋಳಗಳು ಅಳಿದು ತೆರವಾದ ಸೀಮೆಗಳನ್ನು ತನ್ನವನ್ನಾಗಿಸಿಕೊಂಡು, ಹವಾಯಿಯೊಂದನ್ನುಳಿದು ದೇಶದ ಎಲ್ಲ ರಾಜ್ಯಗಳನ್ನೂ ವ್ಯಾಪಿಸಿತು.

ಇದಕ್ಕೆ ಕಾರಣ ಅದರ ಸಂಸಾರಧರ್ಮದಲ್ಲಿಯೇ ಇದೆ. ಒಂದು ಸೀಮೆಯಲ್ಲಿ ಸಾಮಾನ್ಯವಾಗಿ ಒಂದೇ ಜೋಡಿ ಮರಿಹಾಕುತ್ತದೆ. ಆ ಜೋಡಿಯನ್ನು ಕೊಂದಾಗ ಕಿರಿಯ ಹೆಣ್ಣುಗಳೂ ಗರ್ಭ ಧರಿಸುತ್ತವೆ, ಉಳಿದವಕ್ಕೆ ಆಹಾರ ಹೆಚ್ಚಿ ಹೆಚ್ಚು ಮರಿಗಳು ಬದುಕುತ್ತವೆ, ನೆಲೆಯಿಲ್ಲದೆ ಅಲೆಯುತ್ತಿದ್ದ ಹೊರಗಿನವು ಬಂದು ಬರಿದಾದ ಜಾಗವನ್ನು ತುಂಬುತ್ತವೆ. ಪ್ರತಿವರ್ಷವೂ ನೂರಕ್ಕೆ 75ರಷ್ಟನ್ನು ಬಿಡದೆ ಕೊಂದರೂ ನಿರ್ಮೂಲನಕ್ಕೆ ಸುಮಾರು 50 ವರ್ಷ ಹಿಡಿದೀತೆಂದು 1975ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಗಣಿಸಿ ತೋರಿಸಿದರು.

ಹಾಗೆಂದು ಒಡೆಯನ ದೂರು ಸುಳ್ಳಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ಜಿಂಕೆಯ ಮರಿ ಓಡಿ ಪಾರಾಗಲಾರದು. ಬಿಳಿಯ ಚುಕ್ಕೆಗಳ ಮೈಯನ್ನು ಹುಲ್ಲಿಗೆ ಒತ್ತಿ, ಕತ್ತು ಚಾಚಿ ನಿಶ್ಚಲವಾಗಿ ಮಲಗಿರುವುದೊಂದೇ ಅದಕ್ಕಿರುವ ರಕ್ಷೆ, ಮೂಸುತ್ತ ಬರುವ ಕಯೋಟಿಯೆದುರು ಅದು ಹಲವು ಬಾರಿ ಸಾಲದು. ದಕ್ಷಿಣ ಕೆರೊಲಿನಾದ ಸವಾನಾ ನದಿಯ ಸಂಶೋಧನಾ ಕ್ಷೇತ್ರದಲ್ಲಿ ಸತ್ತ ಮರಿಗಳಲ್ಲಿ ಬಹುಪಾಲು ಕಯೋಟಿಗೇ ತುತ್ತಾಗಿದ್ದವು. ಅಲ್ಲಿ 2010ರಿಂದ ಮೂರು ವರ್ಷ ನೂರಾರು ಕಯೋಟಿಗಳನ್ನು ತೆಗೆದಾಗ, ಬದುಕುಳಿದ ಮರಿಗಳ ಪ್ರಮಾಣ ಮೊದಲ ವರ್ಷ ಏರಿ, ಮರುವರ್ಷ ಕುಸಿದು, ಮೂರನೆಯ ವರ್ಷ ಮತ್ತೆ ಏರಿತು. ಅಷ್ಟು ಶ್ರಮಕ್ಕೆ ದೊರೆತ ಫಲ ಅನಿಶ್ಚಿತವಾದುದು. ಹೆಣ್ಣು ಜಿಂಕೆಗಳ ಬೇಟೆಯನ್ನು ತಗ್ಗಿಸುವುದೇ ಹೆಚ್ಚು ಸುಲಭವಾದ ಮಾರ್ಗವೆಂದು ಅಲ್ಲಿನ ಸಂಶೋಧಕರು ಕಂಡುಕೊಂಡರು.

ನರಿಯ ವಿಷಯ ಇನ್ನೂ ಸೂಕ್ಷ್ಮವಾದುದು. ಕಯೋಟಿ ಪ್ರಬಲವಾದೆಡೆ ಕೆಂಪುನರಿ ಹಿಂಜರಿಯುತ್ತದೆ. ಡಕೋಟಾ ಸೀಮೆಗಳಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರಿಗಳು ಮುಖ್ಯವಾಗಿದ್ದೆಡೆ ಬಾತುಗೂಡುಗಳಲ್ಲಿ ನೂರಕ್ಕೆ 17ರಷ್ಟು ಮಾತ್ರ ಸಫಲವಾದರೆ, ಕಯೋಟಿಗಳಿದ್ದೆಡೆ 32ರಷ್ಟು ಸಫಲವಾದವು. ಏಕೆಂದರೆ ಸಣ್ಣ ಸೀಮೆಯನ್ನು ಅಂಗುಲ ಅಂಗುಲವಾಗಿ ಶೋಧಿಸುವ ನರಿಯು ಕಾವು ಕೂತ ತಾಯಿಯನ್ನು ಹಿಡಿದು, ಮೊಟ್ಟೆಗಳನ್ನು ಮಣ್ಣಿನಲ್ಲಿ ಹೂತಿಡುತ್ತದೆ. ಬಾತನ್ನು ಬಯಸುವವನು ಕಯೋಟಿಯನ್ನು ಕೊಂದರೆ ನರಿಗೆ ಹಾದಿ ಮಾಡಿಕೊಟ್ಟಂತಾಗುತ್ತದೆ.

ಆದುದರಿಂದ ಬೇಟೆಯ ನೆಲವನ್ನು ಕಾಯುವವನು ಮೊದಲು ತನ್ನಲ್ಲಿ ಎಷ್ಟು ಮರಿಗಳು ಉಳಿಯುತ್ತಿವೆಯೆಂಬುದನ್ನು ವರ್ಷ ವರ್ಷವೂ ಎಣಿಸಬೇಕು. ನಿಗ್ರಹ ಅನಿವಾರ್ಯವಾದರೆ ಅದನ್ನು ಮರಿಹಾಕುವ ಋತುವಿನ ಹೊಸ್ತಿಲಲ್ಲಿ, ನೆರೆಯವರೊಡಗೂಡಿ ಮಾಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆ ನೆಲದ ಬೇಟೆಗಾರ ಪ್ರಾಣಿಗಳಲ್ಲಿ ತಾನೂ ಒಬ್ಬನೆಂದು ತಿಳಿದು, ತನ್ನ ಬಂದೂಕಿನ ಪಾಲನ್ನು ಮೊದಲು ಕಡಿಮೆ ಮಾಡಿಕೊಳ್ಳಬೇಕು.