ಆಸ್ಟ್ರೇಲಿಯದ ಹೂಗಳೂ ಮನೆಯ ಅಲಂಕಾರವೂ

ಹೂವಿಲ್ಲದ ಮನೆ ನಮ್ಮಲ್ಲಿ ವಿರಳ. ದೇವರ ಪೀಠಕ್ಕೆ ತುಂಬೆ, ದಾಸವಾಳ. ಹೆಣ್ಣುಮಕ್ಕಳ ಮುಡಿಗೆ ಮಲ್ಲಿಗೆ, ಕನಕಾಂಬರ. ಹಬ್ಬದ ದಿನ ಬಾಗಿಲಿಗೆ ಚೆಂಡುಹೂವಿನ ಮಾಲೆ. ಹೂವು ನಮಗೆ ಕೇವಲ ನೋಟದ ವಸ್ತುವಲ್ಲ. ಸಂಸಾರದ ಒಂದು ಅಂಗ. ಅನ್ಯದೇಶಗಳ ಸಂಸಾರಗಳಲ್ಲಿ ಹೂವಿಗೆ ಯಾವ ಸ್ಥಾನವುಂಟೆಂಬುದನ್ನು ಅರಿಯುವುದು ವಿದ್ಯಾರ್ಥಿಗಳಿಗೂ ಪೋಷಕರಿಗೂ ಉಪಯುಕ್ತವೆಂದು ಭಾವಿಸಿ, ಆಸ್ಟ್ರೇಲಿಯದ ಹೂಗಳ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಆ ದೇಶವನ್ನೇ ಆರಿಸಿದುದಕ್ಕೆ ಕಾರಣವುಂಟು. ನೆಗಡಿಯಾದಾಗ ನಾವು ಮೂಸುವ ನೀಲಗಿರಿ ಎಣ್ಣೆಯ ಮರ ನೀಲಗಿರಿ ಬೆಟ್ಟದ ಹೆಸರನ್ನು ಹೊತ್ತಿದ್ದರೂ ಅದರ ತವರುಮನೆ ಆಸ್ಟ್ರೇಲಿಯ!

ಭೂಪಟವನ್ನು ನೋಡಿರಿ. ಆಸ್ಟ್ರೇಲಿಯ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ಆದುದರಿಂದ ಅಲ್ಲಿ ವಸಂತ ಬರುವುದು ಸೆಪ್ಟೆಂಬರಿನಲ್ಲಿ, ಕ್ರಿಸ್‌ಮಸ್ ಬರುವುದು ನಡುಬೇಸಗೆಯಲ್ಲಿ. ೧೭೮೮ರಲ್ಲಿ ಅಲ್ಲಿ ನೆಲಸತೊಡಗಿದ ಇಂಗ್ಲಿಷರು ಬಹುಕಾಲ ತಮ್ಮ ಅಂಗಳಗಳಲ್ಲಿ ಗುಲಾಬಿ ಮೊದಲಾದ ತಮ್ಮೂರಿನ ಗಿಡಗಳನ್ನೇ ಹೆಚ್ಚಾಗಿ ಬೆಳೆಸಿದರು. ಆದರೆ ಅವರಿಗಿಂತ ಸಾವಿರಾರು ವರ್ಷಗಳ ಮೊದಲೇ ಅಲ್ಲಿದ್ದ ಮೂಲನಿವಾಸಿಗಳಿಗೆ ನಾಡಿನ ಹೂಗಳೆಲ್ಲ ಚಿರಪರಿಚಿತವಾಗಿದ್ದವು. ಅವರು ಬ್ಯಾಂಕ್ಸಿಯದ ಹೂಗೊಂಚಲನ್ನು ನೀರಿನಲ್ಲಿ ನೆನೆಹಾಕಿ ಸಿಹಿ ಪಾನಕ ಮಾಡುತ್ತಿದ್ದರು; ವ್ಯಾಟಲ್ ಬೀಜವನ್ನು ಅರೆದು ಹಿಟ್ಟು ಮಾಡುತ್ತಿದ್ದರು. ಹೊಸಬರು ನಾಡಿನ ಹೂವನ್ನು ತಮ್ಮದೆಂದು ಒಪ್ಪಿಕೊಳ್ಳಲು ಕಾಲ ಹಿಡಿಯಿತು.

ಆ ಹೂಗಳಲ್ಲಿ ಅಗ್ರಸ್ಥಾನ ವ್ಯಾಟಲಿಗೆ. ಇದು ನಮ್ಮ ಜಾಲಿಯ ಬಳಗದ ಗಿಡ. ಹೊಂಬಣ್ಣದ ಪುಟ್ಟ ಚೆಂಡುಗಳಂತಹ ಹೂ ಬಿಡುತ್ತದೆ. ಮೊದಲ ಒಕ್ಕಲಿಗರು ಬಳುಕುವ ಕೊಂಬೆಗಳನ್ನು ಹೆಣೆದು, ಮೇಲೆ ಮಣ್ಣು ಮೆತ್ತಿ ಗೋಡೆ ಕಟ್ಟುತ್ತಿದ್ದರು. ಅಂತಹ ಹೆಣಿಗೆಗೆ ಇಂಗ್ಲಿಷಿನಲ್ಲಿದ್ದ ಹೆಸರೇ ಗಿಡಕ್ಕೂ ನಿಂತಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮನೆಯವರು ದೂರದ ರಣರಂಗದಲ್ಲಿದ್ದ ಮಕ್ಕಳಿಗೆ ಬರೆದ ಕಾಗದಗಳೊಳಗೆ ವ್ಯಾಟಲಿನ ಒಂದು ಒಣಗಿದ ಎಸಳನ್ನು ಇಟ್ಟು ಕಳುಹುತ್ತಿದ್ದರು. ತಾಯ್ನಾಡನ್ನು ನೆನಪಿಸಲು ಅಷ್ಟೇ ಸಾಕಾಗಿತ್ತು. ೧೯೮೮ರಲ್ಲಿ ಹೊನ್ನಿನ ವ್ಯಾಟಲ್ ಆ ದೇಶದ ರಾಷ್ಟ್ರೀಯ ಪುಷ್ಪವೆಂದು ಘೋಷಿತವಾಯಿತು. ೧೯೯೨ರಿಂದ ಸೆಪ್ಟೆಂಬರ್ ಒಂದನೆಯ ದಿನವನ್ನು ದೇಶವೆಲ್ಲ ವ್ಯಾಟಲ್ ದಿನವೆಂದು ಆಚರಿಸುತ್ತಿದೆ.

ವರಟಾ ಎಂಬುದು ಇನ್ನೊಂದು ಹೂ. ಹೆಸರು ಮೂಲನಿವಾಸಿಗಳ ಭಾಷೆಯದು. ಅಂಗೈಯಗಲದ ಕಡುಗೆಂಪು ಹೂ ಉದ್ದವಾದ ಕಾಂಡದ ತುದಿಯಲ್ಲಿ ಅರಳುವುದರಿಂದ ದೂರದಿಂದಲೇ ಕಾಣುತ್ತದೆ. ೧೯೬೨ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಇದನ್ನು ತನ್ನ ಲಾಂಛನವಾಗಿ ಸ್ವೀಕರಿಸಿತು. ಹೂದಾನಿಯಲ್ಲಿ ಒಂದೇ ಒಂದು ವರಟಾ ಇಟ್ಟರೂ ಕೋಣೆ ತುಂಬಿದಂತೆ ತೋರುವುದು. ಅದೇ ರಾಜ್ಯದ ಕ್ರಿಸ್‌ಮಸ್ ಪೊದೆಯ ವಿನೋದವನ್ನು ಕೇಳಿರಿ. ಅದರ ನಿಜವಾದ ಹೂ ಚಿಕ್ಕದು, ಬಿಳಿಯದು. ಹೂ ಉದುರಿದ ಮೇಲೆ ಅದರ ಪುಷ್ಪಪಾತ್ರೆಯ ದಳಗಳು ದೊಡ್ಡದಾಗಿ ಕೆಂಪೇರುತ್ತವೆ. ಅಷ್ಟರಲ್ಲಿ ಹಬ್ಬವೂ ಬಂದಿರುತ್ತದೆ, ಮನೆಮನೆಯಲ್ಲಿ ಆ ಕೆಂಪು ರೆಂಬೆಗಳು ಶೋಭಿಸುತ್ತವೆ.

ಕೊಯ್ದ ಹೂ ಬೇಗ ಬಾಡದಂತೆ ನೋಡಿಕೊಳ್ಳಲು ಕೆಲವು ನಿಯಮಗಳುಂಟು. ನಮ್ಮ ಹೂಗಳಿಗೂ ಅವು ಅನ್ವಯಿಸುತ್ತವೆ. ಮುಂಜಾನೆಯ ತಂಪಿನಲ್ಲಿ ಕೊಯ್ಯಬೇಕು. ಕಾಂಡವನ್ನು ಹರಿತವಾದ ಚೂರಿಯಿಂದ ಓರೆಯಾಗಿ ಕತ್ತರಿಸಿದರೆ ನೀರು ಹೀರುವ ಮುಖ ಅಗಲವಾಗುತ್ತದೆ. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆಯಬೇಕು. ಇಲ್ಲವಾದರೆ ಅವು ಕೊಳೆತು, ಬ್ಯಾಕ್ಟೀರಿಯಗಳು ಬೆಳೆದು, ಕಾಂಡದ ನಾಳಗಳು ಕಟ್ಟಿಕೊಳ್ಳುತ್ತವೆ. ನೀರನ್ನು ಆಗಾಗ ಬದಲಿಸಬೇಕು.

ಒಣಗಿಸಿ ಇಡಬಹುದಾದ ಹೂಗಳೂ ಅಲ್ಲಿ ಹೇರಳ. ಕಾಗದದ ಡೇಸಿ ಎಂಬ ಹೂವಿನ ಹೊರದಳಗಳು ಗಿಡದಲ್ಲಿರುವಾಗಲೇ ಕಾಗದದಂತೆ ಗರಿಗರಿಯಾಗಿರುತ್ತವೆ. ಅವನ್ನು ಕಟ್ಟಾಗಿ ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಬಣ್ಣ ಮಾಸದೆ ಬಹುಕಾಲ ನಿಲ್ಲುತ್ತವೆ. ಬ್ಯಾಂಕ್ಸಿಯದ ಮರಗಟ್ಟಿದ ಕಾಯಿಗಳನ್ನೂ ನೀಲಗಿರಿ ಮರದ ಕಾಯಿಗಳನ್ನೂ ಅಲ್ಲಿಯ ಮಕ್ಕಳು ಆಯ್ದು ತರುತ್ತಾರೆ. ಮೇ ಗಿಬ್ಸ್ ಎಂಬ ಲೇಖಕಿ ೧೯೧೮ರಲ್ಲಿ ಪ್ರಕಟಿಸಿದ ಮಕ್ಕಳ ಕಥೆಯೊಂದರಲ್ಲಿ ನೀಲಗಿರಿ ಕಾಯಿಯ ಟೊಪ್ಪಿಗೆ ಧರಿಸಿದ ಪುಟಾಣಿಗಳು ನಾಯಕರು, ಬ್ಯಾಂಕ್ಸಿಯದ ಒರಟು ಕಾಯಿಗಳು ಖಳರು. ಅಂಗಳದ ಕಾಯಿಯೇ ಕಥೆಯ ಪಾತ್ರವಾದರೆ ಮಕ್ಕಳು ಅದನ್ನು ಮರೆಯುವುದುಂಟೆ?

ಆದರೆ ಪ್ರೀತಿಯೂ ಮಿತಿಮೀರಿದರೆ ಹಾನಿಯೇ. ಕಾಡಿನ ಹೂಗಳನ್ನು ಜನರು ಮನಬಂದಂತೆ ಕಿತ್ತು ತಂದು ಮಾರತೊಡಗಿದಾಗ, ಅವನ್ನು ರಕ್ಷಿಸಲು ನ್ಯೂ ಸೌತ್ ವೇಲ್ಸ್ ಸರಕಾರ ೧೯೨೭ರಲ್ಲಿ ಕಾಯಿದೆ ಮಾಡಬೇಕಾಯಿತು. ಈಗ ಇಂತಹ ಹೂಗಳನ್ನು ತೋಟಗಳಲ್ಲಿ ಬೆಳೆಸುತ್ತಾರೆ. ಅದರಲ್ಲಿಯೂ ಒಂದು ಸೂಕ್ಷ್ಮವುಂಟು. ಆ ಖಂಡದ ಹಳೆಯ ಮಣ್ಣಿನಲ್ಲಿ ರಂಜಕದ ಅಂಶ ಬಹಳ ಕಡಮೆ. ವರಟಾ, ಬ್ಯಾಂಕ್ಸಿಯಗಳ ಬೇರು ಅಂತಹ ಬಡ ಮಣ್ಣಿನಿಂದಲೇ ರಂಜಕವನ್ನು ಹೀರಲು ಪಳಗಿದೆ. ಆದುದರಿಂದ ರಂಜಕಯುಕ್ತ ಗೊಬ್ಬರವನ್ನು ಧಾರಾಳವಾಗಿ ಹಾಕಿದರೆ ಗಿಡ ಕೊಬ್ಬುವುದಿಲ್ಲ, ಸಾಯುತ್ತದೆ.

ಗಿಡಕ್ಕೂ ನೆಲಕ್ಕೂ ಇರುವ ಈ ನಂಟು ನಮ್ಮ ನೆರೆಯಲ್ಲಿಯೇ ಬೇರೊಂದು ರೀತಿಯಲ್ಲಿ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯದ ನೀಲಗಿರಿ ಮರವನ್ನೂ ವ್ಯಾಟಲಿನ ಕೆಲವು ಜಾತಿಗಳನ್ನೂ ನೀಲಗಿರಿ ಬೆಟ್ಟಗಳಿಗೆ ತಂದರು. ಮುಂದೆ ಸೌದೆಗೂ ಚರ್ಮ ಹದಮಾಡುವ ತೊಗಟೆಗೂ ವ್ಯಾಟಲನ್ನು ವಿಸ್ತಾರವಾಗಿ ಬೆಳೆಸಿದರು. ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಕಡಿದರೆ ಕೆಲವು ಜಾತಿಗಳು ಬೇರಿನಿಂದಲೇ ಮತ್ತೆ ಚಿಗುರುತ್ತವೆ. ಹೀಗೆ ನೆಟ್ಟಲ್ಲಿ ನಿಲ್ಲದೆ ಹಬ್ಬಿ, ಹನ್ನೆರಡು ವರ್ಷಗಳಿಗೊಮ್ಮೆ ನೀಲಕುರಿಂಜಿ ಅರಳುವ, ನೀಲಗಿರಿ ಥಾರ್ ಎಂಬ ಕಾಡುಮೇಕೆ ಮೇಯುವ ಹುಲ್ಲುಗಾವಲುಗಳನ್ನು ವ್ಯಾಟಲ್ ಆವರಿಸಿತು. ಅರಣ್ಯ ಇಲಾಖೆ ಅದನ್ನು ತೆಗೆದು ಹುಲ್ಲುಗಾವಲನ್ನು ಮರಳಿ ಬೆಳೆಸುವ ಕಷ್ಟದ ಕಾರ್ಯದಲ್ಲಿ ತೊಡಗಿದೆ. ಅಲ್ಲಿ ರಾಷ್ಟ್ರೀಯ ಪುಷ್ಪದ ಬಳಗ, ಇಲ್ಲಿ ಕಳೆ!

ಪರದೇಶದ ಗಿಡವೆಲ್ಲ ಕೆಟ್ಟದೆಂದು ನಾವು ಹೇಳುತ್ತಿಲ್ಲ. ಹಬ್ಬದ ಚೆಂಡುಹೂವಿನ ಮೂಲವೂ ಮೆಕ್ಸಿಕೋ ದೇಶವೇ. ಕಾಫಿ, ಚಹಾ ತೋಟಗಳಿಗೆ ನೆರಳೀಯುವ ಸಿಲ್ವರ್ ಓಕ್ ಆಸ್ಟ್ರೇಲಿಯದ್ದೇ. ತಂದ ಗಿಡ ನೆಟ್ಟಲ್ಲಿ ನಿಲ್ಲುವುದೋ, ನೆರೆಯ ಗಿಡವನ್ನು ನುಂಗುವುದೋ ಎಂಬುದನ್ನು ವಿಚಾರಿಸಿ ನೆಡಬೇಕೆಂಬುದಷ್ಟೇ ನಮ್ಮ ಮಾತಿನ ತಾತ್ಪರ್ಯ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಅಜ್ಜಿಯನ್ನೋ ತಾಯಿಯನ್ನೋ ಜೊತೆಗೆ ಕರೆದುಕೊಂಡು ಹೊಲದ ಬದುವಿನಲ್ಲಿ, ಬೇಲಿಯಲ್ಲಿ ತಾನಾಗಿ ಅರಳುವ ಹತ್ತು ಹೂಗಳ ಕನ್ನಡ ಹೆಸರುಗಳನ್ನು ಬರೆದುಕೊಳ್ಳಿರಿ. ಯಾವ ತಿಂಗಳಲ್ಲಿ ಅರಳುವುದು, ಯಾವ ಹಬ್ಬಕ್ಕೆ ಬೇಕಾಗುವುದು ಎಂಬುದನ್ನೂ ಗುರುತು ಮಾಡಿರಿ. ಗಡಿನಾಡಿನಲ್ಲಿ ಭಾಷೆಯಂತೆ ಹೂವಿನ ಹೆಸರೂ ಆಡುತ್ತಿದ್ದರೆ ಉಳಿಯುವುದು, ಬಿಟ್ಟರೆ ಅಳಿಯುವುದು. ಪೋಷಕರು ಮನೆಯಂಗಳದಲ್ಲಿ ಅಂತಹ ಒಂದು ಗಿಡಕ್ಕೆ ಎಡೆಗೊಟ್ಟರೆ ಮಕ್ಕಳು ಬರೆದ ಪಟ್ಟಿಗೆ ಜೀವ ಬರುವುದು.